ಯಾನೊಮಾಮಿ: ಒಂದು ಭಾಷೆಯೋ, ಆರು ಭಾಷೆಗಳೋ? ಕನ್ನಡದಲ್ಲಿ ಹೇಗೆ ಬರೆಯಬೇಕು?

ಅರಳಿಕಟ್ಟೆ
ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಓದುಗರ ಬಳಗವು ವರ್ಷಕ್ಕೆ ಎರಡು ಸಲ ಹೊರತರುವ ಸಣ್ಣ ಪತ್ರಿಕೆಗೆ ದಕ್ಷಿಣ ಅಮೆರಿಕದ ಮಳೆಕಾಡಿನ ಒಂದು ನುಡಿಯ ಬಗ್ಗೆ ಬರೆದುಕೊಡುತ್ತೇನೆಂದು ಒಪ್ಪಿಕೊಂಡಿದ್ದೇನೆ. ಬ್ರೆಜಿಲ್ ಮತ್ತು ವೆನೆಜುವೆಲಾ ಗಡಿಯಲ್ಲಿ, ಒರಿನೊಕೊ ನದಿ ಹುಟ್ಟುವ ಬೆಟ್ಟಗಳ ಎರಡೂ ಮಗ್ಗುಲಲ್ಲಿ ವಾಸಿಸುವ ಯಾನೊಮಾಮಿ ಜನರ ಭಾಷೆಯನ್ನು ಆರಿಸಿಕೊಂಡೆ. ಆದರೆ ಮೊದಲ ವಾಕ್ಯದಲ್ಲಿಯೇ ಎಡವಿದ್ದೇನೆ. ಒಂದು ಕಡೆ ‘ಯಾನೊಮಾಮಿ’ ಎಂದಿದೆ, ಇನ್ನೊಂದು ಕಡೆ ‘ಯಾನೊಮಾಮೊ’ ಎಂದಿದೆ, ಮತ್ತೊಂದರಲ್ಲಿ ‘ಯಾನೊಮಾಮ’. ಹಳೆಯ ಬರಹಗಳಲ್ಲಿ ‘ವೈಕಾ’, ‘ಶಿರಿಯಾನಾ’ ಎಂಬ ಹೆಸರುಗಳೂ ಇವೆ.

ನನ್ನ ಪ್ರಶ್ನೆಗಳು ಎರಡು. ಇದು ಒಂದೇ ಭಾಷೆಯೋ ಅಥವಾ ಹಲವು ಭಾಷೆಗಳ ಗುಂಪೋ? ಕನ್ನಡ ಲಿಪಿಯಲ್ಲಿ ಹೇಗೆ ಬರೆದರೆ ತಪ್ಪು ಕಡಿಮೆಯಾದೀತು? ಬಲ್ಲವರು ತಿಳಿಸಬೇಕು. ಲೇಖನಕ್ಕೆ ಕೊಟ್ಟಿರುವುದು ನಾಲ್ಕೇ ಪುಟ ಎಂಬುದನ್ನೂ ಗಮನದಲ್ಲಿ ಇಟ್ಟುಕೊಳ್ಳಿ.

ತುಂಗಾತೀರ
ಯಾನೊಮಾಮಿ ಎಂದು ಬರೆದು ಮುಂದೆ ಸಾಗಿ. ನಾಲ್ಕು ಪುಟದಲ್ಲಿ ಒಂದು ಪುಟ ಹೆಸರಿಗೇ ಹೋದರೆ ಓದುಗರು ಪತ್ರಿಕೆ ಮಡಚಿಡುತ್ತಾರೆ.

ಪದಜೀವಿ
ತುಂಗಾತೀರ ಅವರ ಅವಸರ ಅರ್ಥವಾಗುತ್ತದೆ, ಆದರೆ ಈ ಪ್ರಕರಣದಲ್ಲಿ ಹೆಸರಿನ ಕಥೆಯೇ ಭಾಷೆಯ ಕಥೆ. ಅರಳಿಕಟ್ಟೆಯವರು ಪಟ್ಟಿ ಮಾಡಿದ ಮೊದಲ ಮೂರು ರೂಪಗಳು ಬೇರೆ ಬೇರೆ ಹೆಸರುಗಳಲ್ಲ. ‘ಮನುಷ್ಯ’ ಎಂಬ ಒಂದೇ ಪದವನ್ನು ಬೇರೆ ಬೇರೆ ಕಣಿವೆಯವರು ಉಚ್ಚರಿಸುವ ಬಗೆಗಳು ಅವು. ಉತ್ತರದ ಔಆರಿಸ್ ಕಡೆಯವರು ತಮ್ಮನ್ನು ‘ಸನೊಮ’ ಎನ್ನುತ್ತಾರೆ, ಮುಕಜಾಯಿ ನದಿಯ ಕಡೆಯವರು ‘ನಿನಮ್’ ಅಥವಾ ‘ಯಾನಮ್’ ಎನ್ನುತ್ತಾರೆ. ಕಿವಿಗೊಟ್ಟು ಕೇಳಿದರೆ ಅಣ್ಣತಮ್ಮಂದಿರ ಮುಖಚಹರೆ ಕಾಣುತ್ತದೆ. ‘ವೈಕಾ’, ‘ಶಿರಿಯಾನಾ’ ಎಂಬವು ಹೊರಗಿನವರು ಅಂಟಿಸಿದ ಹೆಸರುಗಳು, ಅವುಗಳನ್ನು ಬಿಟ್ಟುಬಿಡಿ.

ಇನ್ನು ಒಂದೋ ಹಲವೋ ಎಂಬ ಪ್ರಶ್ನೆ. ಎರ್ನೆಸ್ಟೊ ಮಿಗ್ಲಿಯಾತ್ಸಾ ಅವರು 1972ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಪ್ರಬಂಧದಲ್ಲಿ ಊರೂರಿನ ಮಾತುಗಳು ಪರಸ್ಪರ ಎಷ್ಟು ಅರ್ಥವಾಗುತ್ತವೆ ಎಂಬುದನ್ನು ಅಳೆದು ನಾಲ್ಕು ಭಾಷೆಗಳೆಂದು ವಿಂಗಡಿಸಿದರು. ಈಗ ಬ್ರೆಜಿಲ್‌ನಲ್ಲಿ ಆರು ಎಂದು ಎಣಿಸುತ್ತಾರೆ: ಯಾನೊಮಾಮ್, ಯಾನೊಮಾಮಿ, ಸನೊಮ, ನಿನಮ್, ಯಾರೊಆಮೆ ಮತ್ತು ಯಾನೊಮ. ಆದ್ದರಿಂದ ‘ಯಾನೊಮಾಮಿ ಭಾಷೆ’ ಎಂದು ಏಕವಚನದಲ್ಲಿ ಬರೆದರೆ, ‘ದ್ರಾವಿಡ ಭಾಷೆಯಲ್ಲಿ ಒಂದು ಪುಸ್ತಕ ಓದಿದೆ’ ಎಂದು ಬರೆದಂತಾಗುತ್ತದೆ.

ಸಂಶಯಾತ್ಮ
ಉಪಮೆ ಸ್ವಲ್ಪ ಹಿಗ್ಗಿತು ಎನಿಸುತ್ತದೆ. ಕನ್ನಡಕ್ಕೂ ಬಲೂಚಿಸ್ತಾನದ ದ್ರಾವಿಡ ನುಡಿಯಾದ ಬ್ರಾಹೂಯಿಗೂ ಇರುವ ದೂರ ಅಲ್ಲಿಲ್ಲ. ಪಕ್ಕದ ಕಣಿವೆಯವರಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಬಹಳಮಟ್ಟಿಗೆ ತಿಳಿಯುತ್ತದೆ, ದೂರ ಹೋದಂತೆ ತಿಳಿಯದಾಗುತ್ತದೆ. ಇದು ಸರಪಳಿ. ಬೀದರಿನಿಂದ ಕುಂದಾಪುರದವರೆಗೆ ನಡೆದುಹೋದರೆ ಯಾವ ಹಳ್ಳಿಯಲ್ಲಿ ಕನ್ನಡ ಬದಲಾಯಿತು ಎಂದು ಗೆರೆ ಎಳೆಯಲು ಸಾಧ್ಯವೇ? ನಾಲ್ಕು ಆರಾದದ್ದು ಕಾಡಿನಲ್ಲಿ ಅಲ್ಲ, ವಿದ್ವಾಂಸರ ಮೇಜಿನ ಮೇಲೆ.

ಪದಜೀವಿ
ಸರಪಳಿ ಎಂಬುದನ್ನು ಒಪ್ಪುತ್ತೇನೆ. ಆದರೆ ಸರಪಳಿಯ ಎರಡು ತುದಿಗಳು ಪರಸ್ಪರ ಅರ್ಥವಾಗದಷ್ಟು ದೂರವಿರುವುದೂ ನಿಜ. ಒಂದೆರಡು ಪದ ನೋಡಿ. ಶಾಮನರು, ಅಂದರೆ ಅವರ ಮಂತ್ರವೈದ್ಯರು, ಕರೆಸಿಕೊಳ್ಳುವ ಚೇತನಗಳಿಗೆ ಬ್ರೆಜಿಲ್ ಕಡೆಯ ಯಾನೊಮಾಮ್‌ನಲ್ಲಿ ‘ಶಪಿರಿ’ ಎನ್ನುತ್ತಾರೆ, ಒರಿನೊಕೊ ಕಡೆಯ ಯಾನೊಮಾಮಿಯಲ್ಲಿ ‘ಹೆಕುರ’ ಎನ್ನುತ್ತಾರೆ, ಸನೊಮದಲ್ಲಿ ರಕಾರ ಹೋಗಿ ಲಕಾರ ಬಂದು ‘ಹೆಕುಲ’ ಆಗುತ್ತದೆ. ಇಡೀ ಊರು ಒಟ್ಟಿಗೆ ವಾಸಿಸುವ, ನಡುವೆ ಅಂಗಳವಿರುವ ದುಂಡನೆಯ ದೊಡ್ಡ ಮನೆಗೆ ಒಂದು ಕಡೆ ‘ಯಾನೊ’, ಇನ್ನೊಂದು ಕಡೆ ‘ಶಬೊನೊ’. ಹಾಗಲಕಾಯಿಗೆ ಬೇರೆ ಹೆಸರಿದ್ದರೆ ಉಪಭಾಷೆ ಎನ್ನಬಹುದು. ಮನೆಗೂ ದೇವರಿಗೂ ಬೇರೆ ಹೆಸರಿದ್ದರೆ ಸ್ವಲ್ಪ ಯೋಚಿಸಬೇಕು.

ಸಂಶಯಾತ್ಮ
ಮಂಡ್ಯದವರ ದೇವರಿಗೂ ವಿಜಯಪುರದವರ ದೇವರಿಗೂ ಬೇರೆ ಹೆಸರುಗಳಿವೆ, ಸ್ವಾಮಿ.

ಅರಳಿಕಟ್ಟೆ
ಇಬ್ಬರಿಗೂ ಧನ್ಯವಾದಗಳು, ಜಗಳ ಮುಂದುವರಿಯಲಿ. ಹಾಗಾದರೆ ‘ಯಾನೊಮಾಮೊ’ ಎಂಬ ರೂಪ ಎಲ್ಲಿಂದ ಬಂತು? ಕೊನೆಯಲ್ಲಿ ‘ಇ’ ಇದೆಯೋ ‘ಒ’ ಇದೆಯೋ?

ಪದಜೀವಿ
ಎರಡೂ ಇಲ್ಲ. ಅಲ್ಲಿರುವುದು ‘ಇ’ ಎನ್ನಲು ಹೊರಟು, ತುಟಿಯನ್ನು ಹಾಗೆಯೇ ಇಟ್ಟು, ನಾಲಗೆಯನ್ನು ಮಾತ್ರ ಹಿಂದಕ್ಕೆ ಎಳೆದಾಗ ಬರುವ ಸ್ವರ. ಭಾಷಾಶಾಸ್ತ್ರಜ್ಞರು ಇದನ್ನು ರೋಮನ್ ಇಕಾರದ ಮೇಲೆ ಅಡ್ಡಗೆರೆ ಎಳೆದು ಬರೆಯುತ್ತಾರೆ. 1964ರಲ್ಲಿ ವೆನೆಜುವೆಲಾದ ಕಾಡಿಗೆ ಹೋದ ಅಮೆರಿಕದ ಮಾನವಶಾಸ್ತ್ರಜ್ಞ ನೆಪೋಲಿಯನ್ ಶಾಗ್ನನ್ ಅವರು ಅದೇ ಸ್ವರವನ್ನು ಎರಡು ಚುಕ್ಕೆ ಹೊತ್ತ ಒಕಾರದಿಂದ ಬರೆದರು. ಅಚ್ಚಿನಲ್ಲಿ ಚುಕ್ಕೆಗಳು ಉದುರಿದವು, ‘ಯಾನೊಮಾಮೊ’ ಉಳಿಯಿತು. ಅಡ್ಡಗೆರೆ ಉದುರಿದ ಕಡೆ ‘ಯಾನೊಮಾಮಿ’ ಉಳಿಯಿತು.

ಕಾಫಿತೋಟ
ಇಷ್ಟು ಕಷ್ಟಪಟ್ಟು ವಿವರಿಸಬೇಕಾಗಿಯೇ ಇಲ್ಲ. ನೀವು ಹೇಳುತ್ತಿರುವ ಸ್ವರ ನಮ್ಮ ಕೊಡವ ತಕ್ಕ್‌ನಲ್ಲಿ ದಿನವಿಡೀ ಬಳಕೆಯಲ್ಲಿದೆ. ಕನ್ನಡ ಲಿಪಿಯಲ್ಲಿ ಕೊಡವ ಬರೆಯುವಾಗ ನಮಗೂ ಇದೇ ಗೋಳು: ಒಬ್ಬರು ಇಕಾರ ಬರೆಯುತ್ತಾರೆ, ಒಬ್ಬರು ಉಕಾರ ಬರೆಯುತ್ತಾರೆ, ಇನ್ನೊಬ್ಬರು ಏನೂ ಬರೆಯದೆ ಅರ್ಧಾಕ್ಷರ ಮಾಡಿ ಬಿಡುತ್ತಾರೆ. ಮಡಿಕೇರಿಯಿಂದ ಒಬ್ಬರನ್ನು ಕರೆದು ಓದಿಸಿದರೆ ಆ ಜನರ ಹೆಸರು ಸರಿಯಾಗಿಯೇ ಹೊರಡುತ್ತದೆ.

ಕಡಲಮಗ
ತುಳುವಿನಲ್ಲಿಯೂ ಅದಕ್ಕೆ ಹತ್ತಿರದ ಸ್ವರ ಇದೆ. ‘ಇದೆ’ ಎನ್ನಲು ನಾವು ಹೇಳುವ ‘ಉಂಡು್’ ಎಂಬ ಪದದ ಕೊನೆಯಲ್ಲಿ ಇರುವುದು ಕನ್ನಡದ ಉಕಾರ ಅಲ್ಲ, ತುಟಿ ದುಂಡಾಗುವುದಿಲ್ಲ. ಅದಕ್ಕಾಗಿಯೇ ಕೆಲವರು ಉಕಾರದ ಮೇಲೆ ಇನ್ನೊಂದು ಅರ್ಧಚಿಹ್ನೆ ಹಾಕುತ್ತಾರೆ, ನೋಡಿದವರು ಮುದ್ರಣದೋಷ ಎಂದುಕೊಳ್ಳುತ್ತಾರೆ. ಅರಳಿಕಟ್ಟೆಯವರೇ, ‘ಯಾನೊಮಾಮು್’ ಎಂದು ಬರೆಯುವ ಧೈರ್ಯ ನಿಮಗಿದೆಯೇ?

ತುಂಗಾತೀರ
ಬರೆದರೆ ಅಕ್ಷರಜೋಡಣೆಯವರು ಅದನ್ನು ತಿದ್ದಿ ‘ಯಾನೊಮಾಮು’ ಮಾಡುತ್ತಾರೆ. ನಾಲ್ಕನೆಯ ಹೆಸರು ಹುಟ್ಟುತ್ತದೆ.

ಪದಜೀವಿ
ಕಾಫಿತೋಟ ಮತ್ತು ಕಡಲಮಗ ಅವರು ಹೇಳಿದ್ದು ಬಹಳ ಉಪಯುಕ್ತ. ಸ್ವರಗಳ ಲೆಕ್ಕವನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ. ಅ, ಇ, ಉ, ಎ, ಒ ಎಂಬ ಐದರ ಜೊತೆಗೆ ಈಗ ಹೇಳಿದ ಸ್ವರ ಆರನೆಯದು, ಅಕಾರಕ್ಕೂ ಎಕಾರಕ್ಕೂ ನಡುವೆ ನಿಲ್ಲುವ ಮಂದಸ್ವರ ಏಳನೆಯದು. ಇವುಗಳಿಗೆ ಮೂಗಿನಲ್ಲಿ ಹೊರಡುವ ರೂಪಗಳೂ ಇವೆ, ಮೂಗು ಸೇರಿದರೆ ಅರ್ಥ ಬದಲಾಗುತ್ತದೆ. ಕೊಂಕಣಿ ಬಲ್ಲವರಿಗೆ ಇದು ಹೊಸತಲ್ಲ. ವ್ಯಂಜನಗಳು ಮಾತ್ರ ಬೆರಳೆಣಿಕೆಯಷ್ಟು. ಪ-ಬ, ತ-ದ, ಕ-ಗ ಎಂಬ ಭೇದ ಅರ್ಥಕ್ಕೆ ಬೇಕಾಗುವುದಿಲ್ಲ. ಆದರೆ ತಕಾರ ಮತ್ತು ಥಕಾರ ಬೇರೆ ಬೇರೆ! ಪಕಾರಕ್ಕಾಗಲಿ ಕಕಾರಕ್ಕಾಗಲಿ ಮಹಾಪ್ರಾಣದ ಜೋಡಿ ಇಲ್ಲ, ತಕಾರಕ್ಕೆ ಮಾತ್ರ ಇದೆ. ಯುರೋಪಿನವರು ಇದನ್ನು ಬರೆಯಲು ಎರಡು ಅಕ್ಷರ ಜೋಡಿಸಬೇಕು, ನಮಗೆ ‘ಥ’ ಸಿದ್ಧವಾಗಿದೆ. ಕನ್ನಡದಲ್ಲಿ ಮಹಾಪ್ರಾಣ ಬೇಕೇ ಬೇಡವೇ ಎಂದು ಜಗಳವಾಡುವವರು ಇಲ್ಲಿಗೆ ಬರದಿರಲಿ ಎಂದು ಪ್ರಾರ್ಥಿಸುತ್ತೇನೆ.

ಇತಿಹಾಸಮೋಹಿ
ಈ ಚರ್ಚೆಯಲ್ಲಿ ಯಾರೂ ಮುಖ್ಯ ವಿಷಯವನ್ನೇ ಎತ್ತಲಿಲ್ಲ. ಯಾನೊಮಾಮಿ ಜನರಲ್ಲಿ ಸೋದರಮಾವನ ಮಗಳನ್ನು, ಸೋದರತ್ತೆಯ ಮಗಳನ್ನು ಮದುವೆಯಾಗುವ ಪದ್ಧತಿ ಇದೆ. ಅವರ ಬಂಧುತ್ವದ ವ್ಯವಸ್ಥೆಯನ್ನು ಮಾನವಶಾಸ್ತ್ರಜ್ಞರೇ ‘ದ್ರಾವಿಡ’ ಎಂದು ಕರೆಯುತ್ತಾರೆ. ನಮ್ಮ ಪೂರ್ವಜರು ಸಾಗರ ದಾಟಿ ಅಲ್ಲಿಗೆ ಹೋಗಿದ್ದರು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಸಂಶಯಾತ್ಮ
ಬಂದರು! ನಾನು ಸಂಜೆಯಿಂದ ಕಾಯುತ್ತಿದ್ದೆ.

ಪದಜೀವಿ
ಇತಿಹಾಸಮೋಹಿ ಅವರೇ, ನಿಮ್ಮ ಮಾತಿನ ಮೊದಲರ್ಧ ಪೂರ್ತಿ ಸರಿ, ಎರಡನೆಯ ಅರ್ಧ ಪೂರ್ತಿ ತಪ್ಪು. ‘ದ್ರಾವಿಡ’ ಎಂಬುದು ಇಲ್ಲಿ ಒಂದು ಮಾದರಿಯ ಹೆಸರು. ಲೂಯಿಸ್ ಹೆನ್ರಿ ಮಾರ್ಗನ್ ಅವರು 1871ರಲ್ಲಿ ಜಗತ್ತಿನ ಬಂಧುವಾಚಕಗಳನ್ನು ಒಟ್ಟುಗೂಡಿಸಿದಾಗ ದಕ್ಷಿಣ ಭಾರತದ ವ್ಯವಸ್ಥೆಯು ಒಂದು ಬಗೆಯ ಅಚ್ಚುಕಟ್ಟಾದ ಉದಾಹರಣೆಯಾಗಿ ಒದಗಿತು, ಹೆಸರು ಅಂಟಿಕೊಂಡಿತು. ಜಗತ್ತಿನ ಯಾವ ಮೂಲೆಯಲ್ಲಿ ಅದೇ ಮಾದರಿ ಕಂಡರೂ ಅದೇ ಹೆಸರು ಹೇಳುತ್ತಾರೆ. ಮೈಸೂರುಪಾಕ್ ಎಲ್ಲಿ ಮಾಡಿದರೂ ಮೈಸೂರುಪಾಕೇ, ಮಾಡಿದವರು ಮೈಸೂರಿನವರಾಗಬೇಕಿಲ್ಲ. ಭಾಷೆಯ ಮಟ್ಟದಲ್ಲಿ ಯಾನೊಮಾಮಿ ಕುಟುಂಬಕ್ಕೆ ದ್ರಾವಿಡದೊಡನೆ ಇರಲಿ, ಪಕ್ಕದ ಕರೀಬ್ ಮತ್ತು ಅರವಾಕ್ ಕುಟುಂಬಗಳೊಡನೆಯೂ ನಂಟು ಸಾಬೀತಾಗಿಲ್ಲ. ಚಿಬ್ಚಾ ಕಡೆಗೆ, ಪಾನೊ ಕಡೆಗೆ ಕೈಚಾಚಿದ ಊಹೆಗಳು ಬಂದವು, ಯಾವುದೂ ನಿಲ್ಲಲಿಲ್ಲ.

ಆದರೆ ಆ ಮೊದಲರ್ಧಕ್ಕಾಗಿ ನಿಮಗೆ ಕೃತಜ್ಞತೆ ಹೇಳಲೇಬೇಕು, ಏಕೆಂದರೆ ಕನ್ನಡದವರು ಈ ಭಾಷೆಯೊಳಗೆ ಸಲೀಸಾಗಿ ಕಾಲಿಡಬಹುದಾದ ಬಾಗಿಲು ಅದೊಂದೇ. ಒರಿನೊಕೊ ಕಡೆಯ ಮಾತಿನಲ್ಲಿ ತಂದೆ ‘ಹಯ’, ತಂದೆಯ ಅಣ್ಣತಮ್ಮಂದಿರೂ ‘ಹಯ’. ತಾಯಿ ‘ನಯ’, ತಾಯಿಯ ಅಕ್ಕತಂಗಿಯರೂ ‘ನಯ’. ನಮ್ಮ ದೊಡ್ಡಪ್ಪ, ಚಿಕ್ಕಪ್ಪ, ದೊಡ್ಡಮ್ಮ, ಚಿಕ್ಕಮ್ಮ ಎಂಬ ಪದಗಳ ಒಳಗೆ ಅಪ್ಪ, ಅಮ್ಮ ಕುಳಿತಿರುವುದನ್ನು ನೆನಪಿಸಿಕೊಳ್ಳಿ. ತಾಯಿಯ ಅಣ್ಣತಮ್ಮ ‘ಶೊಆಯ’, ಹೆಂಡತಿಯ ತಂದೆಯೂ ‘ಶೊಆಯ’. ಇದನ್ನು ಇಂಗ್ಲಿಷಿನವರಿಗೆ ವಿವರಿಸಲು ಬಾಣಗಳ ನಕ್ಷೆ ಬಿಡಿಸಬೇಕಾಗುತ್ತದೆ. ಕನ್ನಡದವರಿಗೆ ಒಂದೇ ಪದ ಸಾಕು: ಮಾವ.

ಜೋಳದರೊಟ್ಟಿ
ಇದನ್ನು ಓದಿ ನಿಜವಾಗಿಯೂ ರೋಮಾಂಚನವಾಯಿತು. ಭಾವನಿಗೆ ಏನೆನ್ನುತ್ತಾರೆ?

ಪದಜೀವಿ
‘ಶೋರಿ’. ನಮ್ಮ ಭಾವ, ಮೈದುನ, ಮಾವನ ಮಗ, ಅತ್ತೆಯ ಮಗ ಎಲ್ಲರೂ ಅದರಲ್ಲಿ ಬರುತ್ತಾರೆ. ಅಷ್ಟೇ ಅಲ್ಲ, ಸ್ನೇಹ ಬೆಳೆಸಬೇಕಾದ ಹೊರಗಿನವನನ್ನೂ ‘ಶೋರಿ’ ಎಂದೇ ಕರೆಯುತ್ತಾರೆ. ಅಣ್ಣ ಎಂದರೆ ಕೊಡುಕೊಳ್ಳುವಿಕೆಗೆ ದಾರಿ ಇಲ್ಲ. ಭಾವ ಎಂದರೆ ಹೆಣ್ಣು ಕೊಟ್ಟು ತರುವ ಮನೆ, ಅವನ ಬಳಿ ಕತ್ತಿಯನ್ನೋ ಕೊಡಲಿಯನ್ನೋ ಕೇಳುವ ಸಲುಗೆ ಇರುತ್ತದೆ.

ಜೋಳದರೊಟ್ಟಿ
ನಮ್ಮ ಕಡೆ ಮದುವೆ ಮನೆಯಲ್ಲಿ ಭಾವನ ಚಪ್ಪಲಿ ಬಚ್ಚಿಟ್ಟು ಹಣ ಕೇಳುವವರನ್ನು ಅಲ್ಲಿಗೆ ಕಳುಹಿಸಬಹುದು.

ಇತಿಹಾಸಮೋಹಿ
ಮೈಸೂರುಪಾಕಿನ ಉಪಮೆಯಿಂದ ನನ್ನ ಪ್ರಶ್ನೆ ತೀರಲಿಲ್ಲ, ಆದರೂ ‘ಮಾವ’ ಎಂಬ ಉತ್ತರಕ್ಕೆ ಸುಮ್ಮನಾಗುತ್ತೇನೆ. ಅವರಲ್ಲಿ ಸತ್ತವರ ಹೆಸರು ಹೇಳುವಂತಿಲ್ಲ ಎಂದು ಓದಿದ್ದೇನೆ. ಅದು ನಿಜವೇ?

ಸಂಶಯಾತ್ಮ
ನಿಜ, ಮತ್ತು ಅದರಿಂದ ಮೇಲೆ ಹೇಳಿದ ಶಾಗ್ನನ್ ಅವರೇ ಪೆಟ್ಟು ತಿಂದರು. ಸತ್ತವರ ಹೆಸರನ್ನು ಬಂಧುಗಳ ಕಿವಿಗೆ ಬೀಳುವಂತೆ ಹೇಳುವುದು ಘೋರ ಅಪಮಾನ. ಬದುಕಿರುವ ಹಿರಿಯರನ್ನು ಹೆಸರು ಹಿಡಿದು ಕರೆಯುವುದೂ ಮರ್ಯಾದೆಯಲ್ಲ. ಇವರೋ ವಂಶವೃಕ್ಷ ಬರೆದುಕೊಳ್ಳಲು ಹೊರಟವರು, ಎಲ್ಲರ ಹೆಸರೂ ಬೇಕು. ಊರಿನವರು ಹೆಸರು ಕೊಟ್ಟರು, ಒಬ್ಬರ ಕಿವಿಯಲ್ಲಿ ಒಬ್ಬರು ಪಿಸುಗುಟ್ಟಿ ಪರೀಕ್ಷೆಯನ್ನೂ ಪಾಸುಮಾಡಿಸಿದರು. ಸುಮಾರು ಐದು ತಿಂಗಳ ನಂತರ ಇವರು ಬೇರೊಂದು ಊರಿಗೆ ಹೋಗಿ, ಹಿಂದಿನ ಊರಿನ ಮುಖಂಡನ ಹೆಂಡತಿಯ ಹೆಸರನ್ನು ಗಂಭೀರವಾಗಿ ಉಚ್ಚರಿಸಿದಾಗ ಅಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ಕೊಟ್ಟಿದ್ದ ಹೆಸರುಗಳೆಲ್ಲ ಇಲ್ಲಿ ಬರೆಯಲಾಗದಂಥ ಪೋಲಿ ಪದಗಳು! ಐದು ತಿಂಗಳ ವಂಶವೃಕ್ಷವನ್ನು ಬೇರುಸಹಿತ ಕಿತ್ತು ಮತ್ತೆ ನೆಡಬೇಕಾಯಿತು. ಇದನ್ನು ಅವರೇ ಬರೆದುಕೊಂಡಿದ್ದಾರೆ ಎಂಬುದಕ್ಕೆ ಮಾತ್ರ ನಾನು ಅವರಿಗೆ ಅಂಕ ಕೊಡುತ್ತೇನೆ. ಆ ಜನರಿಗೆ ‘ಉಗ್ರರು’ ಎಂಬ ಪಟ್ಟ ಕಟ್ಟಿದ್ದಕ್ಕೆ ಅಂಕ ಕಳೆಯುತ್ತೇನೆ.

ಜೋಳದರೊಟ್ಟಿ
ನಮ್ಮ ಅಜ್ಜಿಯ ಕಥೆ ಹೇಳದೆ ಇರಲಾರೆ. ಅಜ್ಜನ ಹೆಸರು ಬಸವರಾಜ. ಮದುವೆಯ ದಿನ ಒಡಪಿನಲ್ಲಿ ಒಮ್ಮೆ ಹೆಸರು ಹೇಳಿದ್ದೇ ಕೊನೆ, ಆಮೇಲೆ ಅರವತ್ತು ವರ್ಷ ಅವರು ‘ಬಸವ’ ಎಂಬ ಅಕ್ಷರಗಳನ್ನೇ ಮುಟ್ಟಲಿಲ್ಲ. ಗುಡಿಯ ಮುಂದಿನ ಬಸವಣ್ಣ ಅವರ ಬಾಯಲ್ಲಿ ‘ಆ ಕಲ್ಲೆತ್ತು’ ಆಗಿತ್ತು, ಬಸವ ಜಯಂತಿ ‘ಅವರ ಹೆಸರಿನ ಹಬ್ಬ’ ಆಗಿತ್ತು. ನೆರೆಮನೆಯ ಬಸಮ್ಮನನ್ನು ‘ಮಲ್ಲಿಯ ತಾಯಿ’ ಎಂದು ಕರೆಯುತ್ತಿದ್ದರು. ಒಬ್ಬ ಮನುಷ್ಯನ ಹೆಸರು ಒಂದು ಮನೆಯ ಭಾಷೆಯಿಂದ ಎಷ್ಟು ಪದಗಳನ್ನು ಕಿತ್ತುಕೊಳ್ಳಬಹುದು ಎಂಬುದನ್ನು ನಾನು ನೋಡಿದ್ದೇನೆ. ಇಡೀ ಊರಿಗೇ ಇಂಥ ನಿಯಮವಿದ್ದರೆ ಆ ಭಾಷೆಯಲ್ಲಿ ಪದಗಳು ಉಳಿಯುವುದು ಹೇಗೆ?

ಪದಜೀವಿ
ಎಂಥ ಒಳ್ಳೆಯ ಪ್ರಶ್ನೆ! ಅದಕ್ಕೆ ಅವರೇ ಒಂದು ಉಪಾಯ ಕಂಡುಕೊಂಡಿದ್ದಾರೆ. ಹೆಸರಿಡುವಾಗ ನಿತ್ಯ ಬೇಕಾಗುವ ಪದವನ್ನು ಇಡದೆ ಬಹಳ ಸಣ್ಣ, ಬಹಳ ನಿರ್ದಿಷ್ಟವಾದ ವಸ್ತುವಿನ ಹೆಸರನ್ನು ಇಡುತ್ತಾರೆ. ‘ಕೋತಿ’ ಎಂದು ಇಡುವುದಿಲ್ಲ, ಒಂದು ಜಾತಿಯ ಕೋತಿಯ ಮೀಸೆಯ ಕೂದಲು ಎಂದು ಇಡುತ್ತಾರೆ. ಆ ವ್ಯಕ್ತಿ ಸತ್ತಾಗ ಕೋತಿ ಎಂಬ ಪದ ಉಳಿಯುತ್ತದೆ, ಮೀಸೆಯ ಕೂದಲಿನ ಪದ ಮಾತ್ರ ಕೆಲಕಾಲ ಮೌನಕ್ಕೆ ಹೋಗುತ್ತದೆ. ನಿಮ್ಮ ಅಜ್ಜಿಗೆ ಇಂಥ ಆಯ್ಕೆ ಇರಲಿಲ್ಲ.

ಕಡಲಮಗ
ಹೆಸರು ಆಯಿತು, ಬಂಧುಗಳು ಆಯಿತು. ವಾಕ್ಯ ಹೇಗಿರುತ್ತದೆ?

ಪದಜೀವಿ
ಕನ್ನಡದಂತೆಯೇ ಕರ್ತೃ, ಕರ್ಮ, ಕ್ರಿಯೆ ಎಂಬ ಅನುಕ್ರಮ, ಕನ್ನಡದಂತೆಯೇ ಬಾಲಕ್ಕೆ ಬಾಲ ಸೇರಿಸುವ ಜಾಯಮಾನ. ಎರಡು ಕಡೆ ದಾರಿ ಬೇರೆಯಾಗುತ್ತದೆ. ‘ಅವನು ಬಂದ’ ಎನ್ನುವಾಗಿನ ಕರ್ತೃವಿಗೆ ಪ್ರತ್ಯಯ ಇಲ್ಲ. ‘ಅವನು ಹಂದಿಯನ್ನು ಹೊಡೆದ’ ಎನ್ನುವಾಗಿನ ಕರ್ತೃವಿಗೆ ನಕಾರದ ಪ್ರತ್ಯಯ ಬರುತ್ತದೆ. ಹಿಂದಿಯ ‘ನೇ’ ನೆನಪಿಸಿಕೊಳ್ಳಿ. ಸೊಗಸು ಏನೆಂದರೆ ‘ಬಾಣದಿಂದ’ ಎನ್ನುವಾಗಲೂ ಅದೇ ಪ್ರತ್ಯಯ. ಹೊಡೆದವನಿಗೂ ಹೊಡೆದ ಸಾಧನಕ್ಕೂ ಒಂದೇ ಗುರುತು. ನಮ್ಮ ‘ಇಂದ’ ಕೂಡ ‘ರಾಮನಿಂದ’, ‘ಬಾಣದಿಂದ’ ಎಂದು ಎರಡೂ ಕೆಲಸ ಮಾಡುತ್ತದೆ, ಆದರೆ ಕರ್ಮಣಿ ಪ್ರಯೋಗದಲ್ಲಿ ಮಾತ್ರ.

ಇನ್ನೊಂದು ವಚನ. ಕನ್ನಡಕ್ಕೆ ಏಕ, ಬಹು ಎರಡೇ. ಅವರಿಗೆ ಸಂಸ್ಕೃತದಂತೆ ದ್ವಿವಚನವೂ ಇದೆ. ಎಣಿಕೆಯ ಪದಗಳೂ ಹಾಗೆಯೇ: ‘ಮಹು’ ಎಂದರೆ ಒಂದು, ‘ಪೊರಕಪಿ’ ಎಂದರೆ ಎರಡು, ಆಮೇಲೆ ‘ಪ್ರುಕ’, ಅಂದರೆ ಬಹಳ. ವ್ಯಾಕರಣವೂ ಎಣಿಕೆಯೂ ಒಂದೇ ಕಡೆ ನಿಲ್ಲುತ್ತವೆ.

ತುಂಗಾತೀರ
ಮೂರು ಎನ್ನಲು ಬರುವುದಿಲ್ಲ ಎಂದಾದರೆ ಸಂತೆ ಹೇಗೆ ಮಾಡುತ್ತಾರೆ?

ಕಾಫಿತೋಟ
ಬೆರಳು ತೋರಿಸುತ್ತಾರೆ, ಇನ್ನೇನು. ನಮ್ಮ ತೋಟದ ಬಳಿ ದನ ಮೇಯಿಸುತ್ತಿದ್ದ ಅಜ್ಜನೊಬ್ಬ ದನಗಳನ್ನು ಎಂದೂ ಎಣಿಸಿದ್ದಿಲ್ಲ. ಹಟ್ಟಿಗೆ ಬಂದಾಗ ‘ಚುಕ್ಕಿ ಎಲ್ಲಿ?’ ಎಂದು ಕೇಳುತ್ತಿದ್ದ. ಒಂದೊಂದರ ಮುಖ ಗೊತ್ತಿದ್ದವನಿಗೆ ಲೆಕ್ಕ ಯಾಕೆ? ತನ್ನ ಬಾಣಗಳನ್ನು ತಾನೇ ಮಾಡಿಕೊಳ್ಳುವವನಿಗೆ ಯಾವುದು ಇಲ್ಲ ಎಂಬುದು ನೋಡಿದೊಡನೆ ತಿಳಿಯುತ್ತದೆ.

ಪದಜೀವಿ
ಇನ್ನೂ ಒಂದು ಹೇಳಿ ನಿಲ್ಲಿಸುತ್ತೇನೆ. ಡೊನಾಲ್ಡ್ ಬೋರ್ಗ್‌ಮನ್ ಅವರು 1990ರಲ್ಲಿ ಪ್ರಕಟಿಸಿದ ಸನೊಮ ವ್ಯಾಕರಣದಲ್ಲಿ ನನಗೆ ಬಹಳ ಹಿಡಿಸಿದ್ದು ಕ್ರಿಯಾಪದದ ಸಾಕ್ಷಿಗುರುತು. ಹೇಳುವವನು ಕಣ್ಣಾರೆ ಕಂಡದ್ದಾದರೆ ಕ್ರಿಯಾಪದಕ್ಕೆ ಬೇರೆ ರೂಪ. ಆ ರೂಪವೇ, ಕಂಡದ್ದು ಇಂದೋ ಮೊನ್ನೆಯೋ ಬಹಳ ಹಿಂದೆಯೋ ಎಂಬುದನ್ನು ಹೇಳುತ್ತದೆ. ಹೊಳೆಯ ಮೇಲುಗಡೆಯೋ ಕೆಳಗಡೆಯೋ ಎಂಬಂಥ ದಿಕ್ಕನ್ನೂ ಕ್ರಿಯಾಪದವೇ ಹೊರಬಲ್ಲದು. ಕನ್ನಡದಲ್ಲಿ ನಾವು ಕಾಣದ್ದಕ್ಕೆ ಗುರುತು ಹಾಕುತ್ತೇವೆ: ‘ಮಳೆ ಬಂತಂತೆ’. ಅವರು ಕಂಡದ್ದಕ್ಕೆ ಗುರುತು ಹಾಕುತ್ತಾರೆ.

ಸಂಶಯಾತ್ಮ
ಆ ಭಾಷೆಯಲ್ಲಿ ನಮ್ಮ ವಾಟ್ಸ್ಆ್ಯಪ್ ಗುಂಪುಗಳು ನಡೆಯುವುದೇ ಇಲ್ಲ. ಇತಿಹಾಸಮೋಹಿ ಅವರು ‘ನಮ್ಮ ಪೂರ್ವಜರು ಸಾಗರ ದಾಟಿದರು’ ಎಂದಾಗ ಯಾವ ರೂಪ ಬಳಸುತ್ತಿದ್ದರೋ!

ಇತಿಹಾಸಮೋಹಿ
ಕಂಡದ್ದರ ರೂಪವನ್ನೇ. ಹಟ ಎಂದರೆ ಹಟ.

ಅಮೆಜಾನ್ ದಂಡೆ
ತಡವಾಗಿ ನೋಡಿದೆ. ನಾನು ಕೆಲಸದ ನಿಮಿತ್ತ ಮೂರು ವರ್ಷ ಬ್ರೆಜಿಲ್ ದೇಶದ ಮನೌಸ್‌ನಲ್ಲಿದ್ದೆ, ಒಮ್ಮೆ ರೊರೈಮಾ ರಾಜ್ಯದ ರಾಜಧಾನಿ ಬೋವಾ ವಿಸ್ತಾಗೂ ಹೋಗಿದ್ದೆ. ಅಲ್ಲಿನ ನಡುಚೌಕದಲ್ಲಿ, ಸರ್ಕಾರದ ಅರಮನೆಯ ಎದುರಿಗೆ, ಚಿನ್ನ ಜಾಲಿಸುವವನ ಪ್ರತಿಮೆ ಇದೆ. ಬಾಗಿ ನಿಂತು, ಕೈಯಲ್ಲಿ ಜಾಲಿಸುವ ತಟ್ಟೆ ಹಿಡಿದಿದ್ದಾನೆ. ಸಂಜೆ ಅದರ ಕಟ್ಟೆಯ ಬಳಿ ಮಕ್ಕಳು ಸೈಕಲ್ ಹೊಡೆಯುತ್ತಿದ್ದವು. ಈ ಊರಿನವರಿಗೆ ಅವನು ಊರು ಕಟ್ಟಿದ ಸಾಹಸಿ. 1987ರಿಂದ 1990ರ ನಡುವೆ ಸುಮಾರು 40,000 ಮಂದಿ ಇಂಥ ಚಿನ್ನದವರು ಯಾನೊಮಾಮಿ ನೆಲಕ್ಕೆ ನುಗ್ಗಿದರು. ಮಲೇರಿಯಾ ಬಂತು, ಹೊಳೆಗೆ ಪಾದರಸ ಬಂತು. 1993ರಲ್ಲಿ ಹಶಿಮು ಎಂಬಲ್ಲಿ 16 ಮಂದಿ ಯಾನೊಮಾಮಿಗಳನ್ನು, ಮಕ್ಕಳನ್ನೂ ಸೇರಿಸಿ, ಕೊಂದರು. ಬ್ರೆಜಿಲ್‌ನ ನ್ಯಾಯಾಲಯ ಅದನ್ನು ಜನಾಂಗಹತ್ಯೆ ಎಂದೇ ತೀರ್ಮಾನಿಸಿತು. ಮತ್ತೆ 2023ರ ಜನವರಿಯಲ್ಲಿ ಅಲ್ಲಿ ಆರೋಗ್ಯ ತುರ್ತುಸ್ಥಿತಿ ಘೋಷಿಸಬೇಕಾಯಿತು.

ಇದೆಲ್ಲ ಭಾಷೆಗೆ ಸಂಬಂಧಿಸಿದ್ದಲ್ಲ ಎನ್ನಬೇಡಿ. ಸಾಂಕ್ರಾಮಿಕಕ್ಕೆ ಅವರಲ್ಲಿ ‘ಶವರ’ ಎಂಬ ಪದವಿದೆ. ಯಾನೊಮಾಮಿ ನಾಯಕ, ಶಾಮನ ದಾವಿ ಕೊಪೆನಾವಾ ಅವರು ‘ಶವರ ವಕಿಶಿ’, ಅಂದರೆ ಸಾಂಕ್ರಾಮಿಕದ ಹೊಗೆ, ಎಂಬ ಮಾತಿನಿಂದ ಭೂಮಿಯೊಳಗಿನ ಚಿನ್ನವನ್ನು ತೆಗೆದು ಸುಡುವಾಗ ಏಳುವ ಕೇಡನ್ನು ವಿವರಿಸುತ್ತಾರೆ. ಹಾಗೆಯೇ ‘ನಪೆ’ ಎಂಬ ಪದ. ಮೊದಲು ಶತ್ರು, ಪರಕೀಯ ಎಂಬ ಅರ್ಥದ್ದು, ಈಗ ಬಿಳಿಯರಿಗೆ, ಹೊರಗಿನವರಿಗೆ ಎಲ್ಲರಿಗೂ ಅದೇ ಹೆಸರು. ನನಗೂ ಅದೇ ಸಲ್ಲುತ್ತದೆ. ಬಣ್ಣ ಕಪ್ಪು ಎಂದು ರಿಯಾಯಿತಿ ಇಲ್ಲ.

ಅರಳಿಕಟ್ಟೆ
ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಹಾಗಾದರೆ ಭಾಷೆ ಅಳಿಯುತ್ತಿದೆಯೇ? ಮಾತನಾಡುವವರು ಎಷ್ಟು?

ಅಮೆಜಾನ್ ದಂಡೆ
ಎರಡೂ ದೇಶ ಸೇರಿ 35,000 ದಾಟುತ್ತದೆ. ಬ್ರೆಜಿಲ್ ಕಡೆ 1992ರಲ್ಲಿ ಗುರುತಿಸಿಕೊಟ್ಟ ಮೀಸಲು ನೆಲವೇ 96 ಲಕ್ಷ ಹೆಕ್ಟೇರಿಗಿಂತ ಹೆಚ್ಚು, ಅಂದರೆ ಕರ್ನಾಟಕದ ಅರ್ಧದಷ್ಟು. 2022ರ ಜನಗಣತಿಯಲ್ಲಿ ಅಲ್ಲಿ 27,000ಕ್ಕೂ ಹೆಚ್ಚು ಮೂಲನಿವಾಸಿಗಳು ಲೆಕ್ಕಕ್ಕೆ ಸಿಕ್ಕಿದರು.

ಪದಜೀವಿ
ಒಂದು ತಿದ್ದುಪಡಿ. ಆ ನೆಲದಲ್ಲಿರುವವರೆಲ್ಲ ಯಾನೊಮಾಮಿಗಳಲ್ಲ. ಕರೀಬ್ ಕುಟುಂಬದ ಭಾಷೆಯಾಡುವ ಯೆಕ್ವಾನಾ ಜನರೂ ಅಲ್ಲಿದ್ದಾರೆ, ಔಆರಿಸ್‌ನಲ್ಲಿ ಸನೊಮರ ನೆರೆಯವರು.

ಅಳಿಯುತ್ತಿದೆಯೇ ಎಂದರೆ, ಒಟ್ಟಾರೆಯಾಗಿ ಅಲ್ಲ. ಮಕ್ಕಳು ಇಂದಿಗೂ ಈ ನುಡಿಗಳಲ್ಲಿಯೇ ಮಾತು ಕಲಿಯುತ್ತವೆ. ಪೋರ್ಚುಗೀಸ್ ಬಾರದ ಹೆಂಗಸರು, ವೃದ್ಧರು ಬಹಳ. ಆದರೆ ಇಲ್ಲಿಯೇ ನಾನು ಸಂಶಯಾತ್ಮ ಅವರೊಡನೆ ಹಳೆಯ ಜಗಳವನ್ನು ಮತ್ತೆ ಎತ್ತುತ್ತೇನೆ. ‘ಒಂದು ಭಾಷೆ, 35,000 ಜನ’ ಎಂದರೆ ನೆಮ್ಮದಿಯಾಗುತ್ತದೆ. ಆರು ಎಂದು ಎಣಿಸಿದಾಗ ಮಾತ್ರ ಯಾನೊಮ ಎಂಬುದಕ್ಕೆ ಉಳಿದಿರುವವರು 200ರೊಳಗೆ ಎಂಬುದೂ, ಯಾರೊಆಮೆ ಕೆಲವೇ ನೂರು ಮಂದಿಯದು ಎಂಬುದೂ ಕಣ್ಣಿಗೆ ಬೀಳುತ್ತದೆ. 1973ರಲ್ಲಿ ಉತ್ತರದ ಹೆದ್ದಾರಿಯನ್ನು ಕಾಡಿನೊಳಗೆ ಕೊರೆದಾಗ ಮೊದಲ ಏಟು ಬಿದ್ದದ್ದು ಅಜರಾನಿ ನದಿಯ ಕಡೆಯವರಿಗೆ, ಯಾರೊಆಮೆ ಆಡುವವರಿಗೆ. ರಸ್ತೆಯನ್ನು 1976ರಲ್ಲಿ ಅರ್ಧಕ್ಕೇ ಕೈಬಿಟ್ಟರು, ರೋಗಗಳು ಮಾತ್ರ ಪೂರ್ತಿ ದೂರ ನಡೆದವು. ಮೇಜಿನ ಮೇಲಿನ ಗೆರೆ ಎಂದಿರಲ್ಲ, ಆ ಗೆರೆ ಎಳೆಯದಿದ್ದರೆ ಈ ಕಥೆ ಸರಾಸರಿಯಲ್ಲಿ ಮುಳುಗಿಹೋಗುತ್ತದೆ.

ಸಂಶಯಾತ್ಮ
ಈ ವಾದಕ್ಕೆ ನನ್ನ ಬಳಿ ಉತ್ತರವಿಲ್ಲ. ಆರು ಎಂದೇ ಬರೆಯಿರಿ. ಸರಪಳಿ ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಕಡಲಮಗ
ಇವರಲ್ಲಿ ರಾತ್ರಿಯಿಡೀ ನಡೆಯುವ ಮಾತಿನ ಸ್ಪರ್ಧೆ ಇದೆಯಂತೆ. (‘ಅಂತೆ’ ಎಂದೇ ಬರೆದಿದ್ದೇನೆ, ನಾನು ಕಂಡಿಲ್ಲ.) ನಮ್ಮ ತಾಳಮದ್ದಲೆಯ ಹಾಗೆಯೇ?

ಪದಜೀವಿ
‘ವಯಮೊವು’ ಎಂಬುದು ಅದರ ಹೆಸರು. ಬೇರೆ ಊರಿನ ಅತಿಥಿಗಳು ಬಂದಾಗ ಕತ್ತಲಾದ ಮೇಲೆ ಅತಿಥಿಗಳಲ್ಲೊಬ್ಬ, ಮನೆಯವರಲ್ಲೊಬ್ಬ ಎದುರುಬದುರಾಗುತ್ತಾರೆ. ಒಬ್ಬ ಲಯಬದ್ಧವಾಗಿ, ಪದಗಳನ್ನು ತುಂಡುತುಂಡಾಗಿ ಎಸೆಯುತ್ತಾನೆ, ಇನ್ನೊಬ್ಬ ತಕ್ಷಣ ಅದನ್ನು ಹಿಡಿದು ಮರಳಿಸುತ್ತಾನೆ. ದಣಿದ ಜೋಡಿ ಎದ್ದರೆ ಮತ್ತೊಂದು ಜೋಡಿ ಕೂರುತ್ತದೆ, ಬೆಳಗಿನವರೆಗೆ. ನೇರವಾಗಿ ಏನನ್ನೂ ಕೇಳುವುದಿಲ್ಲ, ರೂಪಕಗಳಲ್ಲೇ ಕೇಳುತ್ತಾರೆ: ಸುದ್ದಿ, ಸರಕು, ಮುನಿಸು, ಸಂಧಾನ ಎಲ್ಲವೂ ಅದರಲ್ಲೇ. ತಾಳಮದ್ದಲೆಯಲ್ಲಿ ಕೇಳುಗರಿಗಾಗಿ ವಾದ, ಇಲ್ಲಿ ಎರಡು ಊರುಗಳ ನಡುವಿನ ನಿಜವಾದ ವ್ಯವಹಾರ. ಹೋಲಿಕೆಯನ್ನು ಅಷ್ಟಕ್ಕೇ ನಿಲ್ಲಿಸಿ.

ಜೋಳದರೊಟ್ಟಿ
ಲಿಪಿ ಇದೆಯೇ?

ಅಮೆಜಾನ್ ದಂಡೆ
ಸ್ವಂತ ಲಿಪಿ ಇಲ್ಲ. ರೋಮನ್ ಅಕ್ಷರಗಳಲ್ಲಿ ತಮ್ಮ ನುಡಿಯನ್ನು ಓದಿ ಬರೆಯುವ ಶಾಲೆಗಳು ಕೊಪೆನಾವಾ ಅವರ ಊರಾದ ವತೊರಿಕಿ ಕಡೆ 1990ರ ದಶಕದ ನಡುವೆ ಶುರುವಾದವು. ಬರವಣಿಗೆಗೆ ಅವರು ಕೊಟ್ಟ ಹೆಸರು ನನಗೆ ಮರೆಯಲಾಗದ್ದು. ಮೈಮೇಲೆ ಬಣ್ಣದಲ್ಲಿ ಎಳೆಯುವ ಗಿಡ್ಡ ಗಿಡ್ಡ ಗೆರೆಗಳಿಗೆ ‘ಒನಿ’ ಎನ್ನುತ್ತಾರೆ. ಅದೇ ಪದವನ್ನು ಮಾತಿಗೆ ಜೋಡಿಸಿ ಬರಹಕ್ಕೆ ‘ಮಾತಿನ ಗೆರೆಗಳು’ ಎಂಬರ್ಥದ ಹೆಸರಿಟ್ಟರು. ಕಾಗದಕ್ಕೆ ‘ಸಿಕಿ’, ಅಂದರೆ ಚರ್ಮ, ಎಂಬ ಪದ ಸೇರುತ್ತದೆ. ಮೈಮೇಲಿದ್ದ ಗೆರೆ ಕಾಗದದ ಚರ್ಮದ ಮೇಲೆ ಬಂದು ಕುಳಿತಿತು.

ಅರಳಿಕಟ್ಟೆ
ನನ್ನ ಲೇಖನದ ಮೊದಲ ಪ್ಯಾರಾ ಸಿಕ್ಕಿತು, ಅದು ಗೆರೆ ಮತ್ತು ಚರ್ಮದಿಂದಲೇ ಶುರುವಾಗುತ್ತದೆ. ಹೆಸರಿನ ವಿಷಯದಲ್ಲಿ ಹೀಗೆ ಮಾಡುತ್ತೇನೆ: ಜನರಿಗೆ ‘ಯಾನೊಮಾಮಿ’, ಭಾಷೆಗೆ ‘ಯಾನೊಮಾಮಿ ಭಾಷೆಗಳು’ ಎಂದು ಬಹುವಚನ. ಕೊನೆಯ ಸ್ವರಕ್ಕೆ ಒಂದು ಅಡಿಟಿಪ್ಪಣಿ: ‘ಕೊಡವ ಅಥವಾ ತುಳು ಬಲ್ಲವರಿಂದ ಓದಿಸಿ ಕೇಳಿರಿ’. ಆರು ಭಾಷೆಗಳು, ಸರಪಳಿಗೆ ಒಂದು ಸಾಲು, ಮಾವನಿಗೂ ಭಾವನಿಗೂ ಒಂದು ಪುಟ. ಜೋಳದರೊಟ್ಟಿಯವರು ಅನುಮತಿ ಕೊಟ್ಟರೆ ಅಜ್ಜಿಯ ಕಲ್ಲೆತ್ತನ್ನೂ ಸೇರಿಸುತ್ತೇನೆ.

ಜೋಳದರೊಟ್ಟಿ
ಸೇರಿಸಿ. ಅಜ್ಜನ ಹೆಸರನ್ನು ಮಾತ್ರ ಅಚ್ಚು ಹಾಕಬೇಡಿ, ಅಜ್ಜಿ ಇದ್ದಿದ್ದರೆ ಪತ್ರಿಕೆಯನ್ನು ಮನೆಯೊಳಗೆ ಬಿಡುತ್ತಿರಲಿಲ್ಲ.

ತುಂಗಾತೀರ
ನಾಲ್ಕು ಪುಟ ಎಂದಿದ್ದಿರಿ.